ಆಟಕ್ಕುಂಟು, ಲೆಕ್ಕಕ್ಕಿಲ್ಲ

ಜೂನ್ ತಿಂಗಳ ಒಂದು ಶನಿವಾರ, ರಾತ್ರಿ ಹತ್ತೂವರೆ. ಟೆಕ್ಸಾಸಿನ ಬಿಸಿಲು ಹಗಲಿಡೀ ನಮ್ಮನ್ನು ಹುರಿದು ಹಾಕಿತ್ತು. ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು, ಮರುದಿನದ ಮ್ಯಾಚಿಗೆ ಯಾರು ಯಾವಾಗ ಎಲ್ಲಿ ನಿಲ್ಲಬೇಕು ಅಂತ ಎಕ್ಸೆಲ್ ಶೀಟ್ ತಿದ್ದುತ್ತಾ ಕೂತಿದ್ದೆ. ಒಂಬತ್ತು ವರ್ಷದ ಮಗಳು ನೀರು ಕುಡಿಯೋಕೆ ಎದ್ದು ಬಂದವಳು ನನ್ನ ಹೆಗಲ ಮೇಲಿಂದ ಇಣುಕಿದಳು. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಅಪ್ಪಾ, ಅವಳ್ನ ಯಾಕೆ ಯಾವಾಗ್ಲೂ ಐದನೇ ಇನ್ನಿಂಗ್ಸಿಗೆ ಹಾಕ್ತೀಯಾ? ಐದನೇದು ಬರೋದೇ ಇಲ್ವಲ್ಲ" ಅಂದಳು.

"ಮಲ್ಕೋ ಹೋಗು, ಬೆಳಿಗ್ಗೆ ಏಳಕ್ಕೆ ಗ್ರೌಂಡಲ್ಲಿರ್ಬೇಕು" ಅಂದೆ.

ಅವಳು ಹೋಗಿ ಮಲಗಿದಳು. ನನಗೆ ನಿದ್ದೆ ಬರಲಿಲ್ಲ.

ಮೊದಲು ಆಟದ ಬಗ್ಗೆ ಎರಡು ಮಾತು ಹೇಳಿಬಿಡ್ತೀನಿ. ಸಾಫ್ಟ್‌ಬಾಲ್ ಅನ್ನೋದು ಬೇಸ್‌ಬಾಲಿನ ತಂಗಿ. 1887ರಲ್ಲಿ ಚಿಕಾಗೋದಲ್ಲಿ ಚಾವಣಿ ಕೆಳಗೆ ಆಡೋ ಆಟವಾಗಿ ಹುಟ್ಟಿದಾಗ, ಸುತ್ತಿ ಕಟ್ಟಿದ ಬಾಕ್ಸಿಂಗ್ ಗ್ಲವ್ ಒಂದೇ ಅದರ ಚೆಂಡು. ಅವತ್ತಿನ ಮೆತ್ತಗಿನ ಗುಣ ಈಗ ಹೆಸರಲ್ಲಿ ಮಾತ್ರ ಉಳಿದಿದೆ. ಈಗಿನ ಚೆಂಡು ಮುಖಕ್ಕೆ ಬಿದ್ದರೆ ಹಲ್ಲು ಕೈಗೆ ಬರುತ್ತೆ. ಹತ್ತು ವರ್ಷದೊಳಗಿನ ಹುಡುಗಿಯರ ಚೆಂಡಿನ ಸುತ್ತಳತೆ 11 ಇಂಚು, ನಮ್ಮ ಕ್ರಿಕೆಟ್ ಚೆಂಡಿಗಿಂತ ದಪ್ಪ. ಪಿಚರ್ 35 ಅಡಿ ದೂರದಿಂದ ಕೈಯನ್ನು ಗಾಣದಂತೆ ತಿರುಗಿಸಿ ಸೊಂಟದ ಪಕ್ಕದಿಂದ ಎಸೆಯುತ್ತಾಳೆ. ಫೀಲ್ಡಿಗೆ ಒಂಬತ್ತು ಜನ, ಮೂರು ಔಟಾದರೆ ಪಾಳಿ ಬದಲು. ಈ ವಯಸ್ಸಿನವರ ಟೂರ್ನಮೆಂಟಿನಲ್ಲಿ ಗಡಿಯಾರದ ಕಾಟವೂ ಇದೆ. ನಾವು ಆಡೋ ಕಡೆ 75 ನಿಮಿಷ ದಾಟಿದ ಮೇಲೆ ಹೊಸ ಇನ್ನಿಂಗ್ಸ್ ಶುರು ಮಾಡೋ ಹಾಗಿಲ್ಲ. ಲೇಸ್ ಕಟ್ಟಿಕೊಳ್ಳೋದು, ಅಳೋದು, ಹೆಲ್ಮೆಟ್ ಹುಡುಕೋದು ಎಲ್ಲ ಸೇರಿ 75 ನಿಮಿಷದಲ್ಲಿ ನಾಲ್ಕು ಇನ್ನಿಂಗ್ಸ್ ಮುಗಿದರೆ ಪುಣ್ಯ. ಐದನೇದು ಲೀಪ್ ವರ್ಷದ ಹುಟ್ಟುಹಬ್ಬ ಇದ್ದ ಹಾಗೆ.

ತಿಪಟೂರಿನ ಕಡೆಯ ಒಂದು ಹಳ್ಳಿಯಲ್ಲಿ ತೆಂಗಿನ ಗರಿಯ ಮಟ್ಟೆಯನ್ನೇ ಬ್ಯಾಟ್ ಮಾಡಿಕೊಂಡು ಆಡಿ ಬೆಳೆದ ನಾನು, ಡಲ್ಲಾಸ್‌ನ ಉತ್ತರಕ್ಕಿರುವ ಈ ಊರಲ್ಲಿ ಸಾಫ್ಟ್‌ಬಾಲ್ ಕೋಚ್ ಆಗಿದ್ದು ನನ್ನ ಪ್ರತಿಭೆಯಿಂದ ಅಲ್ಲ. ಸಿಟಿ ಲೀಗಿನವರು ಸ್ವಯಂಸೇವಕರು ಬೇಕು ಅಂತ ಈಮೇಲ್ ಕಳಿಸಿದ್ದರು. ಹೆಂಡತಿ ನನ್ನ ಹೆಸರು ಕೊಟ್ಟಿದ್ದಳು. ನಮ್ಮ ಹೆಡ್ ಕೋಚ್ ಇಲ್ಲೇ ಹುಟ್ಟಿ ಬೆಳೆದ ಮನುಷ್ಯ, ಎಸಿ ರಿಪೇರಿ ಕೆಲಸ. ಜೂನ್ ತಿಂಗಳಲ್ಲಿ ಅವರ ಫೋನ್ ಒಂದು ನಿಮಿಷ ಸುಮ್ಮನಿರಲ್ಲ. ಆಟ ಅವರಿಗೆ ಗೊತ್ತು, ಎಕ್ಸೆಲ್ ನನಗೆ ಗೊತ್ತು. ಹಾಗಾಗಿ ಲೈನ್‌ಅಪ್ ಬರೆಯೋದು ನನ್ನ ಪಾಲಿಗೆ ಬಂತು.

ವಸಂತ ಕಾಲದ ಲೀಗ್ ಮುಗಿದ ಮೇಲೆ ಬೇರೆ ಬೇರೆ ಟೀಮುಗಳಿಂದ ಹನ್ನೆರಡು ಹುಡುಗಿಯರನ್ನು ಆರಿಸಿ ಒಂದು ತಂಡ ಮಾಡಿ ಬೇಸಿಗೆ ಟೂರ್ನಮೆಂಟುಗಳಿಗೆ ಕಳಿಸುತ್ತಾರೆ. ಶನಿವಾರದ ಮ್ಯಾಚುಗಳು ಯಾರ ಎದುರು ಯಾರು ಅಂತ ನಿರ್ಧರಿಸೋಕೆ. ಭಾನುವಾರ ಸೋತವರು ಮನೆಗೆ. ಗೆದ್ದವರಿಗೆ ಒಂದೊಂದು ಉಂಗುರ. ಪುಟ್ಟ ಬೆರಳಿಗೆ ಅದನ್ನು ಹಾಕಿದರೆ ಬೆರಳೇ ಕಾಣಲ್ಲ, ಅಷ್ಟು ದಪ್ಪ. ಆ ಉಂಗುರಕ್ಕಾಗಿ ಅಪ್ಪಂದಿರು ಅಂಪೈರ್ ಜೊತೆ ಜಗಳ ಆಡೋದನ್ನ ನೀವು ನೋಡಬೇಕು.

ಮೊದಲ ಪೇರೆಂಟ್ಸ್ ಮೀಟಿಂಗಿನಲ್ಲಿ ಹೆಡ್ ಕೋಚ್ ಒಂದು ಮಾತು ಕೊಟ್ಟಿದ್ದರು. ಎಲ್ಲರೂ ಬ್ಯಾಟ್ ಮಾಡ್ತಾರೆ. ಪ್ರತಿ ಮ್ಯಾಚಿನಲ್ಲೂ ಪ್ರತಿಯೊಬ್ಬಳೂ ಕನಿಷ್ಠ ಎರಡು ಇನ್ನಿಂಗ್ಸ್ ಫೀಲ್ಡಿನಲ್ಲಿ ಇರ್ತಾಳೆ. ಭಾನುವಾರವೂ ಸೇರಿ. ಯಾರೂ ತಕರಾರು ತೆಗೆಯಲಿಲ್ಲ. ಇಂಥ ಮೀಟಿಂಗುಗಳಲ್ಲಿ ಕನಿಷ್ಠದ ಮಾತು ಬಂದಾಗ ಪ್ರತಿ ತಂದೆತಾಯಿಯೂ ಅದು ಬೇರೆ ಯಾರದ್ದೋ ಮಗುವಿನ ವಿಷಯ ಅಂದ್ಕೊಂಡು ತಲೆಯಾಡಿಸುತ್ತಾರೆ. ನಾನೂ ಆಡಿಸಿದ್ದೆ.

ಎಲ್ಲರಿಗೂ ಆಟ ಅನ್ನೋದು ಇಲ್ಲಿ ಹಳೇ ಜಗಳವೇ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟಿನಲ್ಲಿ ಶುರುವಾದ ಲಿಟಲ್ ಲೀಗ್ ಹುಡುಗಿಯರನ್ನು ಬಾಗಿಲೊಳಗೆ ಬಿಟ್ಟಿದ್ದು 1974ರಲ್ಲಿ, ಅದೂ ವಿಷಯ ಕೋರ್ಟು ಹತ್ತಿದ ಮೇಲೆ. ಹುಡುಗಿಯರಿಗೆ ಅಂತ ಸಾಫ್ಟ್‌ಬಾಲ್ ವಿಭಾಗ ತೆಗೆದದ್ದೂ ಅದೇ ವರ್ಷ. ಒಳಗೆ ಬಿಟ್ಟರೆ ಸಾಕೇ, ಆಡಿಸಬೇಕಲ್ಲ? ಅದಕ್ಕೂ ಅವರಲ್ಲಿ ಒಂದು ನಿಯಮ ಇದೆ. ಮಾಮೂಲಿ ಸೀಸನ್ನಿನಲ್ಲಿ ಪ್ರತಿ ಮಗುವೂ ಆರು ಔಟ್ ಆಗುವಷ್ಟು ಹೊತ್ತು ಫೀಲ್ಡಿನಲ್ಲಿರಬೇಕು, ಒಮ್ಮೆಯಾದರೂ ಬ್ಯಾಟ್ ಹಿಡಿಯಬೇಕು. ಮಕ್ಕಳ ಸಾಕರ್ ನಡೆಸೋ, 1964ರಲ್ಲಿ ಹುಟ್ಟಿದ ಎವೈಎಸ್‌ಒ ಅನ್ನೋ ಸಂಸ್ಥೆಯಲ್ಲಂತೂ ಪ್ರತಿ ಮಗುವಿಗೂ ಅರ್ಧ ಆಟ ಕೊಡಲೇಬೇಕು. ಓದೋಕೆ ಚೆಂದ. ಆದರೆ ಕೋಡ್ ಬರೆದು ಬದುಕುವವರಿಗೆ ಗೊತ್ತು, ನಿಯಮ ಹುಟ್ಟಿದ ದಿನವೇ ಅದನ್ನು ಪಾಲಿಸಿದ ಹಾಗೆ ಕಾಣಿಸಿಕೊಂಡು ಪಾಲಿಸದಿರುವ ದಾರಿಯೂ ಹುಟ್ಟುತ್ತೆ. ಆ ದಾರಿ ಹುಡುಕೋದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ.

ನಾನು ಮಾಡಿದ್ದನ್ನು ಲೆಕ್ಕದಲ್ಲೇ ಹೇಳ್ತೀನಿ. ಐದು ಇನ್ನಿಂಗ್ಸ್, ಒಂಬತ್ತು ಜಾಗ, ಒಟ್ಟು 45. ತಂಡದ ಆರು ಗಟ್ಟಿ ಹುಡುಗಿಯರಿಗೆ ಐದೈದು, ಅಲ್ಲಿಗೆ 30 ಹೋಯ್ತು. ಉಳಿದ 15ನ್ನು ಉಳಿದ ಆರು ಜನಕ್ಕೆ ಹಂಚಬೇಕು. ನಡುವಿನ ಮೂವರಿಗೆ ಮೂರು ಮೂರು. ಕೊನೆಯ ಮೂವರಿಗೆ ಎರಡೆರಡು. ಎಲ್ಲರಿಗೂ ಕನಿಷ್ಠ ಎರಡು ಸಿಕ್ಕಿತು, ಕೊಟ್ಟ ಮಾತು ಉಳಿಯಿತು. ಆದರೆ ಆ ಕೊನೆಯ ಮೂವರ ಎರಡನೇ ಇನ್ನಿಂಗ್ಸ್ ಇದೆಯಲ್ಲ, ಅದನ್ನು ಮೂವರಿಗೂ ಐದನೇದರಲ್ಲಿ ಇಟ್ಟಿದ್ದೆ. ಮೂವರೂ ಒಟ್ಟಿಗೆ ಔಟ್‌ಫೀಲ್ಡಿನಲ್ಲಿ! ಆ ಇನ್ನಿಂಗ್ಸ್ ನಿಜಕ್ಕೂ ಬರುತ್ತೆ ಅಂತ ನಂಬಿದ ಯಾವ ಕೋಚೂ ಹಾಗೆ ಹಾಕಲ್ಲ. ಬರಲ್ಲ ಅಂತ ಗೊತ್ತಿದ್ದೇ ಹಾಕಿದ್ದು. ಶನಿವಾರ ಮೂರು ಮ್ಯಾಚ್ ಆಡಿದೆವು. ಮೂರರಲ್ಲೂ ಐದನೇ ಇನ್ನಿಂಗ್ಸ್ ಬರಲಿಲ್ಲ. ಕಾಗದದ ಮೇಲೆ ಆರು ಇನ್ನಿಂಗ್ಸ್ ಇದ್ದ 17ನೇ ನಂಬರಿನ ಹುಡುಗಿ ಆಡಿದ್ದು ಮೂರು.

ಈ 17ನೇ ನಂಬರಿನ ಬಗ್ಗೆ ಹೇಳಲೇಬೇಕು. ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ನಿಧಾನ. ಚೆಂಡು ಮೇಲಿಂದ ಬರ್ತಿದ್ರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಡಗೌಟಿನಲ್ಲಿ ಹಾಡು ಕಟ್ಟಿ ಕೂಗೋದು ಇಲ್ಲಿನ ಹುಡುಗಿಯರ ವಾಡಿಕೆ. ಆ ಹಾಡುಗಳನ್ನು ಶುರು ಮಾಡೋದು ಇವಳೇ. ಶನಿವಾರ ಎರಡನೇ ಮ್ಯಾಚಿನ ಹೊತ್ತಿಗೆ ಇವಳ ದನಿ ಕೇಳಿಸ್ತಿರಲಿಲ್ಲ. ನಾನು ಸೆಕೆಗೆ ಸುಸ್ತಾಗಿರಬೇಕು ಅಂದ್ಕೊಂಡೆ. ಅಂದ್ಕೊಳ್ಳೋದು ಸುಲಭವಿತ್ತು.

ಭಾನುವಾರಕ್ಕೆ ಶೀಟನ್ನು ಸರಿಮಾಡೋಣ ಅಂತ ಆ ರಾತ್ರಿ ಕೂತಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಐದನೇ ಕಾಲಂ ಅಳಿಸಿದೆ. ಉಳಿದದ್ದು 36 ಜಾಗ. ಆರು ಗಟ್ಟಿ ಹುಡುಗಿಯರಿಗೆ ನಾಲ್ಕು ನಾಲ್ಕು ಅಂದರೆ 24. ಉಳಿದ ಹನ್ನೆರಡನ್ನು ಆರು ಜನಕ್ಕೆ ಹಂಚಿದರೆ ತಲಾ ಎರಡು. ಕೊನೆಯ ಮೂವರಿಗೆ ನಿಜವಾಗಿ ಎರಡು ಕೊಡಬೇಕಾದರೆ ನಡುವಿನ ಮೂವರಿಂದ ಒಂದೊಂದು ಕಿತ್ತುಕೊಳ್ಳಬೇಕು. ಆ ನಡುವಿನ ಮೂವರಲ್ಲಿ ಒಬ್ಬಳು ಒಳಗೆ ಮಲಗಿದ್ದಳು. ನನ್ನ ಕೈ ಐದನೇ ಕಾಲಂ ಕಡೆಗೆ ಹೋಗಿದ್ದು ಯಾಕೆ ಅಂತ ಆಗ ಗೊತ್ತಾಯ್ತು. ಉಂಗುರಕ್ಕೆ ಅಲ್ಲ. ನನ್ನ ಮಗಳ ಮೂರನೇ ಇನ್ನಿಂಗ್ಸಿಗೆ.

ನಮ್ಮೂರ ಮದುವೆ ಪಂಕ್ತಿಯಲ್ಲಿ ಒಬ್ಬಟ್ಟು ಬಡಿಸುವವನು ತನ್ನವರ ಎಲೆಗೆ ಎರಡು ಹಾಕಿ, ಕೊನೆ ಎಲೆಯವರಿಗೆ "ಬಂತು ಬಂತು, ಒಳಗಿಂದ ತರ್ತಾವ್ರೆ" ಅಂತ ಹೇಳಿ ಮಾಯವಾಗೋದು ನೋಡಿದ್ದೀನಿ. ಅವನನ್ನು ಬೈದುಕೊಂಡೂ ಇದ್ದೀನಿ.

ಚಿಕ್ಕವನಿದ್ದಾಗ ನಾನು ಕೊನೆ ಎಲೆಯವನೇ ಆಗಿದ್ದೆ. ಅಣ್ಣಂದಿರು ಲಗೋರಿ ಆಡೋಕೆ ಹೊರಟರೆ ಅಮ್ಮ ನನ್ನನ್ನೂ ಕರ್ಕೊಂಡು ಹೋಗಿ ಅಂತ ಹಿಂದೆ ಅಟ್ಟೋಳು. ಅವರು ಬೇರೆ ದಾರಿಯಿಲ್ಲದೆ "ಇವ್ನು ಆಟಕ್ಕುಂಟು, ಲೆಕ್ಕಕ್ಕಿಲ್ಲ" ಅಂತ ಘೋಷಿಸಿ ಸೇರಿಸಿಕೊಳ್ಳೋರು. ನಿಮ್ಮೂರಲ್ಲೂ ಹೀಗೇ ಇದ್ದಿರಬೇಕು. ಎಷ್ಟು ಮುದ್ದಾದ ವ್ಯವಸ್ಥೆ ನೋಡಿ. ಚಿಕ್ಕವನು ಓಡಬಹುದು, ಕಿರುಚಬಹುದು, ಚೆಂಡು ಎತ್ತಿಕೊಡಬಹುದು, ದೊಡ್ಡವರ ಆಟ ಕೆಡಲ್ಲ. ನಾಲ್ಕೈದು ವರ್ಷದವನಿಗೆ ಅದು ಸ್ವರ್ಗ. ಆಮೇಲೊಂದು ದಿನ ನನ್ನ ಬೆನ್ನಿಗೆ ಚೆಂಡು ರಪ್ ಅಂತ ಬಿತ್ತು. ನಾನು ಔಟ್ ಆದೆ ಅಂತ ತಲೆ ತಗ್ಗಿಸಿ ಆಚೆ ಹೊರಟೆ. "ಲೋ, ನೀನು ಆಡೋ, ನೀನು ಲೆಕ್ಕಕ್ಕಿಲ್ಲ" ಅಂದರು. ಎಲ್ಲರೂ ನಕ್ಕರು. ಔಟಾಗದೇ ಉಳಿದಿದ್ದಕ್ಕೆ ಅತ್ತ ಹುಡುಗ ಆ ಊರಲ್ಲಿ ನಾನೊಬ್ಬನೇ ಇರಬೇಕು.

ಹೈಸ್ಕೂಲಿನಲ್ಲಿ ಖೋ ಖೋ ತಂಡಕ್ಕೆ ಸೇರಿದೆ. ಅಲ್ಲೂ ಹನ್ನೆರಡು ಜನ, ಅಂಕಣಕ್ಕೆ ಒಂಬತ್ತು. ಮೂರು ವರ್ಷ ತಾಲ್ಲೂಕು ಕ್ರೀಡಾಕೂಟಕ್ಕೆ ಹೋದೆ, ಗ್ಲೂಕೋಸ್ ಪುಡಿ ಕಲಸಿಕೊಟ್ಟೆ, ಟವೆಲ್ ಹಿಡಿದೆ. ಪಿಟಿ ಮೇಷ್ಟ್ರ ಮೇಲೆ ನನಗೆ ಯಾವತ್ತೂ ಸಿಟ್ಟು ಬರಲಿಲ್ಲ, ಇವತ್ತಿಗೂ ಇಲ್ಲ. ತಾಲ್ಲೂಕು ಗೆದ್ದರೆ ಜಿಲ್ಲೆ, ಜಿಲ್ಲೆ ಗೆದ್ದರೆ ಮುಂದೆ, ಚೆನ್ನಾಗಿ ಆಡಿದ ಒಬ್ಬನಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು ಸಿಕ್ಕರೂ ಸಿಗಬಹುದು. ಅಲ್ಲಿ ಗೆಲುವು ಅಂದರೆ ಒಬ್ಬ ಹುಡುಗನ ಮುಂದಿನ ಊಟ. ಅದರ ಮುಂದೆ ನನ್ನ ಆಸೆ ಏನು ಮಹಾ? ಸಿಟ್ಟು ಬಂದದ್ದು ಕೊನೆಯ ವರ್ಷದ ಎರಡು ನಿಮಿಷಕ್ಕೆ. ಆಗಲೇ ಗೆದ್ದಾಗಿದ್ದ ಮ್ಯಾಚಿನ ಕೊನೆಯಲ್ಲಿ ಮೇಷ್ಟ್ರು ಪಾಪ ಪ್ರೀತಿಯಿಂದಲೇ "ಹೋಗೋ, ನೀನೂ ಒಂದ್ಸಲ ಓಡಿ ಬಾ" ಅಂತ ಇಳಿಸಿದರು. ನಾನು ಜೀವ ಬಿಟ್ಟು ಓಡಿದೆ. ಎದುರಿನವರು ಅಟ್ಟಿಸಿಕೊಂಡು ಬರಲೇ ಇಲ್ಲ. ಅವರು ಸೋತು, ಮನಸ್ಸಲ್ಲೇ ಬಸ್ಸು ಹತ್ತಿಯಾಗಿತ್ತು. ಮೂರು ವರ್ಷ ಕೂತಿದ್ದು ನೋಯಲಿಲ್ಲ, ಆ ಎರಡು ನಿಮಿಷ ಓಡಿದ್ದು ನೋಯುತ್ತೆ.

ಬಿಇ ಮುಗಿಸಿ ಬೆಂಗಳೂರಿಗೆ ಬಂದ ಹೊಸದರಲ್ಲಿ ಬೆಂಚಿನಲ್ಲಿ ಕೂತವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ. ಸಂಬಳ ಸರಿಯಾಗಿ ಬರುತ್ತೆ, ಬ್ಯಾಡ್ಜ್ ಇರುತ್ತೆ, ಕೆಫೆಟೇರಿಯಾ ಇರುತ್ತೆ. ಆಮೇಲೆ ಯಾವುದೋ ಪ್ರಾಜೆಕ್ಟಿಗೆ "ಶ್ಯಾಡೋ" ಅಂತ ಹಾಕುತ್ತಾರೆ. ನೀವು ಬರೆದ ಕೋಡ್ ಪ್ರೊಡಕ್ಷನ್ನಿಗೆ ಹೋಗಲ್ಲ, ಹೋಗದೇ ಇದ್ದದ್ದರಿಂದ ಯಾವತ್ತೂ ಒಡೆಯೋದೂ ಇಲ್ಲ. ನಡುರಾತ್ರಿ ಫೋನ್ ಬಂದು "ನಿನ್ನ ಬಿಲ್ಡಿನಿಂದ ಸಿಸ್ಟಮ್ ಬಿದ್ದೋಯ್ತು" ಅಂತ ಬೈಸಿಕೊಂಡ ದಿನ ನನಗೆ ಒಳಗೊಳಗೇ ಸಮಾಧಾನ ಆಗಿತ್ತು. ಇದನ್ನು ಮ್ಯಾನೇಜರಿಗೆ ಹೇಳಿಲ್ಲ, ನಿಮಗೆ ಹೇಳ್ತಿದ್ದೀನಿ.

ಹಾಗಂತ ಗೆಲುವಿನ ಆಸೆಯೇ ಕೆಟ್ಟದ್ದು ಅನ್ನೋ ಮಾತನ್ನು ನಾನು ಒಪ್ಪಲ್ಲ. ಅಪಾರ್ಟ್‌ಮೆಂಟಿನ ಮಕ್ಕಳ ಕ್ರೀಡಾದಿನದಲ್ಲಿ ಎಲ್ಲರಿಗೂ ಮೆಡಲ್ ಹಂಚಿ "ಭಾಗವಹಿಸೋದೇ ಮುಖ್ಯ" ಅಂತ ಮೈಕಿನಲ್ಲಿ ಹೇಳುತ್ತಾರಲ್ಲ, ಮಕ್ಕಳು ಆ ಮೆಡಲನ್ನು ಕಾರಿನ ಹಿಂದಿನ ಸೀಟಲ್ಲೇ ಬಿಟ್ಟು ಹೋಗುತ್ತವೆ. ಗೆಲ್ಲೋಕೆ ಯಾರೂ ಪ್ರಯತ್ನವೇ ಮಾಡದ ಆಟದಲ್ಲಿ ಹನ್ನೆರಡು ಜನವೂ ಲೆಕ್ಕಕ್ಕಿಲ್ಲ. ಲಗೋರಿಯಲ್ಲಿ ನನಗೆ ಅಳು ಬಂದದ್ದು ಉಳಿದವರೆಲ್ಲ ಗೆಲ್ಲೋಕೆ ಆಡುತ್ತಿದ್ದರು ಅನ್ನೋ ಕಾರಣಕ್ಕೇ.

ಇಂಥ ಚರ್ಚೆಯಲ್ಲಿ ಯಾರಾದರೊಬ್ಬರು ನಾರ್ವೆಯನ್ನು ಎಳೆದು ತರುತ್ತಾರೆ. ಅಲ್ಲಿ ಮಕ್ಕಳಿಗೆ ಹನ್ನೊಂದು ತುಂಬುವ ವರ್ಷದವರೆಗೆ ಅಂಕಪಟ್ಟಿ, ರ್‍ಯಾಂಕಿಂಗ್ ಏನೂ ಇಟ್ಟುಕೊಳ್ಳೋ ಹಾಗಿಲ್ಲ, ಅದು ಅವರ ಕ್ರೀಡಾ ಒಕ್ಕೂಟದ ನಿಯಮ. ಆಮೇಲೆ ಮುಗುಳ್ನಕ್ಕು ಸೇರಿಸುತ್ತಾರೆ: 2018ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಅದೇ ಪುಟ್ಟ ನಾರ್ವೆ 39 ಪದಕ ಗೆದ್ದು ಮೊದಲ ಸ್ಥಾನಕ್ಕೆ ಬಂತು, ನೋಡಿ! ನಾನೂ ಈ ಮಾತನ್ನು ಎರಡು ಮೂರು ಕಡೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೀನಿ. ಆದರೆ ಯೋಚಿಸಿದರೆ ಇದು ಹಿಂಬಾಗಿಲಿನಿಂದ ಗೆಲುವನ್ನೇ ಒಳಗೆ ಕರೆದ ಹಾಗೆ. ಎಲ್ಲರನ್ನೂ ಆಡಿಸಿ, ಕೊನೆಗೆ ಜಾಸ್ತಿ ಗೆಲ್ಲುತ್ತೀರಿ ಅಂತ. ನಾರ್ವೆ ಒಂದೂ ಪದಕ ಗೆಲ್ಲದೇ ಹೋಗಿದ್ದರೆ ಒಂಬತ್ತು ವರ್ಷದ ಮಗುವನ್ನು ಬೆಂಚಿನಲ್ಲಿ ಕೂರಿಸೋದು ಸರಿಯಾಗಿಬಿಡುತ್ತಿತ್ತಾ?

ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಹೆಡ್ ಕೋಚಿಗೆ ಎರಡೂ ಶೀಟ್ ತೋರಿಸಿದೆ. ಹಳೆಯದು, ರಾತ್ರಿ ತಿದ್ದಿದ್ದು. ಅವರು ಕಾಫಿ ಲೋಟ ಕಾರಿನ ಬಾನೆಟ್ ಮೇಲಿಟ್ಟು ಸುಮಾರು ಹೊತ್ತು ನೋಡಿದರು. "ನಿನ್ನೆಯೇ ನನ್ನ ಕಣ್ಣಿಗೆ ಬಿದ್ದಿತ್ತು. ನನಗೂ ಅನುಕೂಲವಾಗಿತ್ತು, ಅದಕ್ಕೇ ಕೇಳಲಿಲ್ಲ" ಅಂದರು. ಹೊಸ ಶೀಟನ್ನು ಕ್ಲಿಪ್‌ಬೋರ್ಡಿಗೆ ಸಿಕ್ಕಿಸಿದರು. ಕಾರಲ್ಲಿ ಬರುವಾಗ ಮಗಳಿಗೂ ಹೇಳಿದ್ದೆ. "ನಂಗೂ ಎರಡೇನಾ?" ಅಂದಳು. "ಹೂಂ" ಅಂದೆ. ಕಿಟಕಿ ಆಚೆ ನೋಡುತ್ತಾ ಕೂತಳು.

ಮೊದಲ ಮ್ಯಾಚ್ ಗೆದ್ದೆವು. 17ನೇ ನಂಬರ್ ಎರಡು ಇನ್ನಿಂಗ್ಸ್ ರೈಟ್‌ಫೀಲ್ಡಿನಲ್ಲಿ ನಿಂತಳು, ಒಂದು ಚೆಂಡೂ ಆ ಕಡೆ ಬರಲಿಲ್ಲ. ಮಕ್ಕಳ ಆಟದಲ್ಲಿ ರೈಟ್‌ಫೀಲ್ಡ್ ಅಂದರೆ ಹಟ್ಟಿ ಮೂಲೆ. ಬಲಗೈ ಆಟಗಾರರು ಸರಿಯಾಗಿ ಹೊಡೆದರೆ ಚೆಂಡು ಎಡಕ್ಕೇ ಹೋಗೋದು ಜಾಸ್ತಿ, ಹಾಗಾಗಿ ಕಡಿಮೆ ಬರುವವರನ್ನು ಬಲಕ್ಕೆ ನಿಲ್ಲಿಸೋದು ರೂಢಿ. ಆದರೆ ಇದರಲ್ಲೊಂದು ಎಡವಟ್ಟಿದೆ. ನಮ್ಮ ಪಿಚರ್ ವೇಗವಾಗಿ ಎಸೆದಷ್ಟೂ ಎದುರಿನವರ ಬ್ಯಾಟ್ ತಡವಾಗಿ ಬರುತ್ತೆ. ತಡವಾದ ಬ್ಯಾಟಿಗೆ ತಾಗಿದ ಚೆಂಡು ಹೋಗೋದು ಬಲಕ್ಕೇ. ನಮ್ಮ ಪಿಚರ್ ನಿಜಕ್ಕೂ ವೇಗ. ವಾರಕ್ಕೆ ನಾಲ್ಕು ದಿನ ಗ್ಯಾರೇಜಿನಲ್ಲಿ ಅಪ್ಪನನ್ನು ಬಕೆಟ್ ಮೇಲೆ ಕೂರಿಸಿಕೊಂಡು ಎಸೆದು ಕಲಿತವಳು.

ಸೆಮಿಫೈನಲ್. ನಾಲ್ಕನೇ ಇನ್ನಿಂಗ್ಸ್, ಟೈಮ್ ಮುಗಿದಿತ್ತು, ಅದೇ ಕೊನೆಯದು. ನಾವು 5, ಅವರು 4, ಬ್ಯಾಟಿಂಗ್ ಅವರದು. ಎರಡು ಔಟ್ ಆಗಿದೆ. ಎರಡನೇ ಬೇಸಿನಲ್ಲೊಬ್ಬಳು, ಮೂರನೇದರಲ್ಲೊಬ್ಬಳು. ಶೀಟಿನ ಪ್ರಕಾರ ರೈಟ್‌ಫೀಲ್ಡಿನಲ್ಲಿ 17. ಹೆಡ್ ಕೋಚ್ ನನ್ನ ಕಡೆ ತಿರುಗಿದರು. ಬದಲಾಯಿಸೋಕೆ ಅವಕಾಶ ಇತ್ತು, ಒಂದು ಸನ್ನೆ ಸಾಕಿತ್ತು. ನಾನು ಧೈರ್ಯ ಮಾಡಿ ಬೇಡ ಅಂದೆ ಅಂತ ಬರೆಯೋಕೆ ಆಸೆ. ನಿಜ ಹೇಳಬೇಕು ಅಂದರೆ ನಾನು ಏನೂ ಅನ್ನಲಿಲ್ಲ. ಶೀಟ್ ನೋಡುತ್ತಾ ನಿಂತಿದ್ದೆ, ಅಷ್ಟರಲ್ಲಿ ಪಿಚರ್ ಎಸೆದಾಗಿತ್ತು.

ಬ್ಯಾಟ್ ತಡವಾಗಿ ಬಂತು. ಚೆಂಡು ಬಲಕ್ಕೆ ಎದ್ದಿತು, ಎತ್ತರಕ್ಕೆ. ಅವಳು ಕಣ್ಣು ಮುಚ್ಚಲಿಲ್ಲ, ನಾನು ನೋಡಿದೆ. ಮುಂದಕ್ಕೆ ಓಡಿ ಬಂದಳು. ಚೆಂಡು ಅವಳ ಗ್ಲವಿನ ಮೇಲಿಂದ ಹಾದು ಹಿಂದೆ ಬಿದ್ದು ಬೇಲಿವರೆಗೂ ಉರುಳಿತು. ಇಬ್ಬರೂ ಓಡಿ ಮನೆ ಮುಟ್ಟಿದರು. 6–5.

ಪಿಚರ್ ಗ್ಲವ್ ಮುಖಕ್ಕೆ ಒತ್ತಿಕೊಂಡು ಅಲ್ಲೇ ಕೂತಳು. ಡಗೌಟಿಗೆ ಎಲ್ಲರಿಗಿಂತ ಕೊನೆಗೆ ಬಂದ 17ನೇ ನಂಬರ್ ನೇರ ನನ್ನ ಹತ್ತಿರ ಬಂದು, "ನನ್ನಿಂದ ಸೋತ್ವಾ?" ಅಂತ ಕೇಳಿದಳು. ನಾನು ತಕ್ಷಣ, ಒಳ್ಳೆಯ ದೊಡ್ಡವರೆಲ್ಲ ಹೇಳುವ ಹಾಗೆ, "ಛೆ ಛೆ, ನಿನ್ನಿಂದ ಅಲ್ಲವೇ ಅಲ್ಲ, ಅದೆಲ್ಲಾ ಏನೂ ಇಲ್ಲ" ಅಂದೆ. ಅವಳು ನನ್ನ ಮುಖ ನೋಡಿದಳು. ನನ್ನ ಬೆನ್ನಿಗೆ ಚೆಂಡು ಬಿದ್ದ ದಿನ ನಾನು ಅಣ್ಣಂದಿರ ಕಡೆ ಹೀಗೇ ನೋಡಿರಬೇಕು. ನೀನು ಆಡು, ನೀನು ಲೆಕ್ಕಕ್ಕಿಲ್ಲ. ಅವಳಿಗೆ ನಾನು ಹೇಳಿದ್ದು ಅದನ್ನೇ. ಎರಡು ಇನ್ನಿಂಗ್ಸ್ ಕೊಟ್ಟು, ಸೋಲಿನಲ್ಲಿ ಅವಳ ಪಾಲನ್ನು ಕಿತ್ತುಕೊಂಡಿದ್ದೆ.

ಹೆಡ್ ಕೋಚ್ ಪಕ್ಕದಲ್ಲೇ ಇದ್ದರು. ಅವಳ ಮುಂದೆ ಮೊಣಕಾಲೂರಿ ಕೂತು, "ಹೌದು, ಆ ಕ್ಯಾಚ್ ಹಿಡಿದಿದ್ರೆ ನಾವು ಫೈನಲ್ಲಿಗೆ ಹೋಗ್ತಿದ್ವಿ. ನಿನ್ನ ಮೊದಲ ಹೆಜ್ಜೆ ಮುಂದಕ್ಕೆ ಬಂತು, ಹಿಂದಕ್ಕೆ ಹೋಗ್ಬೇಕಿತ್ತು. ಹಿಂದಕ್ಕೆ ಹೋದವಳು ಮುಂದೆ ಬರಬಹುದು, ಮುಂದೆ ಬಂದವಳು ಹಿಂದಕ್ಕೆ ಹೋಗೋದು ಕಷ್ಟ. ಮಂಗಳವಾರ ಅರ್ಧ ಗಂಟೆ ಮುಂಚೆ ಬಾ. ಎರಡನೇ ಇನ್ನಿಂಗ್ಸಿನಲ್ಲಿ ಮೂರೂ ಬೇಸ್ ತುಂಬಿದ್ದಾಗ ಸ್ಟ್ರೈಕ್‌ಔಟ್ ಆದವರಿಗೂ ಬರೋಕೆ ಹೇಳ್ತೀನಿ" ಅಂದರು. ಅವಳು ತೋಳಿಂದ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಐದು ನಿಮಿಷದಲ್ಲಿ ಐಸ್ ಕ್ಯಾಂಡಿ ಪೆಟ್ಟಿಗೆಯ ಹತ್ತಿರ ಅವಳದೇ ದನಿ ಕೇಳಿಸ್ತಿತ್ತು.

ಪಿಚರಿನ ಅಮ್ಮ ಪಾರ್ಕಿಂಗಿನಲ್ಲಿ ಸಿಕ್ಕರು. ಜೋರು ಮಾಡಲಿಲ್ಲ. "ನನ್ನ ಮಗಳು ವರ್ಷವಿಡೀ ಎಸೀತಾಳೆ. ಅವಳ ಹಿಂದೆ ಚೆಂಡು ಹಿಡಿಯೋರನ್ನ ನಿಲ್ಲಿಸೋದು ನಿಮ್ಮ ಜವಾಬ್ದಾರಿ ಅಲ್ವಾ?" ಅಂತಷ್ಟೇ ಕೇಳಿದರು. ನನ್ನ ಹತ್ತಿರ ಇದ್ದ ಉತ್ತರ ಒಂದೇ. ಮೊದಲ ದಿನ ಎಲ್ಲರ ಮುಂದೆ ಮಾತು ಕೊಟ್ಟಿದ್ದೆವು, ಆ ಮರದ ಕೆಳಗೆ ನೀವೂ ಇದ್ದಿರಿ. ಅದು ಸರಿಯಾದ ಉತ್ತರ, ಆದರೆ ಅಳುತ್ತಿರುವ ಮಗುವನ್ನು ಕಾರಲ್ಲಿ ಕೂರಿಸಿ ಬಂದ ತಾಯಿಗೆ ಹೇಳುವಂಥದ್ದಲ್ಲ. ಹೇಳಲಿಲ್ಲ. ಪಿಚರಿನ ಶ್ರಮ ಸುಳ್ಳಲ್ಲ, ಅವಳ ಪಾಲಿನ ನ್ಯಾಯವೂ ಒಂದಿದೆ. ಅವಳನ್ನು ನೆನೆದಾಗ ನನಗೆ ಇವತ್ತಿಗೂ ಪೂರ್ತಿ ಸಮಾಧಾನ ಇಲ್ಲ.

ಕಾರು ಓಡಿಸುತ್ತಾ ಇನ್ನೊಂದು ಹೊಳೆಯಿತು. ಅವಳ ಪಾಲಿಗೆ ಆ ಟೂರ್ನಮೆಂಟಿನ ಮೊಟ್ಟಮೊದಲ ಎತ್ತರದ ಚೆಂಡು ಬಂದದ್ದು ಸೆಮಿಫೈನಲಿನ ಕೊನೆಯ ಎಸೆತಕ್ಕೆ. ಶನಿವಾರ ನಾನು ನುಂಗಿದ ಮೂರು ಇನ್ನಿಂಗ್ಸ್ ಅವಳಿಗೆ ಸಿಕ್ಕಿದ್ದರೆ, ಸೋತರೂ ಮನೆಗೆ ಹೋಗಬೇಕಿಲ್ಲದ ಮ್ಯಾಚುಗಳಲ್ಲಿ ಒಂದೆರಡು ಚೆಂಡು ಬಿಟ್ಟು, ಹಿಂದಕ್ಕೆ ಹೆಜ್ಜೆ ಇಡೋದನ್ನು ಅಲ್ಲೇ ಕಲಿಯುತ್ತಿದ್ದಳೋ ಏನೋ. ಹಾಗೆ ನೋಡಿದರೆ ಪಿಚರಿಗೆ ಮೋಸ ಮಾಡಿದ್ದೂ ನಾನೇ, ಭಾನುವಾರ ಅಲ್ಲ, ಶನಿವಾರ. ಈ ವಾದ ನನಗೆ ಬಹಳ ಹಿಡಿಸಿತು. ಆಮೇಲೆ ನಾರ್ವೆ ನೆನಪಾಗಿ ಸುಮ್ಮನಾದೆ.

ರಾತ್ರಿ ಅಮ್ಮನಿಗೆ ವಾಟ್ಸಾಪ್ ಕಾಲ್ ಮಾಡಿದಾಗ ಕಥೆಯೆಲ್ಲಾ ಹೇಳಿದೆ. ಸಾಫ್ಟ್‌ಬಾಲ್ ಅಂದರೆ ಏನು ಅಂತ ಅವಳಿಗೆ ಈಗಲೂ ಗೊತ್ತಿಲ್ಲ. "ಆ ಮಗಾ ಏನ್ ತಿಂತು ಆಮೇಲೆ?" ಅಂತ ಕೇಳಿದಳು. ಐಸ್ ಕ್ಯಾಂಡಿ ಅಂದೆ. "ಸದ್ಯ" ಅಂದಳು.

ಮಂಗಳವಾರ 17ನೇ ನಂಬರ್ ಅರ್ಧ ಗಂಟೆ ಮುಂಚೆ ಬಂದಳು. ಸ್ಟ್ರೈಕ್‌ಔಟ್ ಆದ ಮೂವರಲ್ಲಿ ಇಬ್ಬರು ಬಂದರು. ನಾನು ಇಪ್ಪತ್ತು ಚೆಂಡು ಮೇಲಕ್ಕೆ ಹೊಡೆದೆ, ನಾಲ್ಕು ಹಿಡಿದಳು. ಮುಂದಿನ ಮಂಗಳವಾರ ಆರು. ಅದರ ಮುಂದಿನ ವಾರ ಮತ್ತೆ ನಾಲ್ಕೇ.

ಜುಲೈ ಟೂರ್ನಮೆಂಟಿನ ಹಿಂದಿನ ರಾತ್ರಿ ಮಗಳು ಆಡಿಟರ್ ಥರ ಬಂದು ಪಕ್ಕದಲ್ಲಿ ಕೂತಳು. ಬೆರಳಿಟ್ಟು ಎಣಿಸಿದಳು. ನಾಲ್ಕೇ ಕಾಲಂ. 17ನೇ ನಂಬರಿಗೆ ಎರಡು, ಅವಳಿಗೂ ಎರಡು.

"ಮೂರು ಬೇಕಂದ್ರೆ?" ಅಂದಳು.

"ಗಟ್ಟಿಯವರ ಹತ್ರ ಕಿತ್ಕೋಬೇಕು. ಅವರು ಸುಮ್ನೆ ಕೊಡಲ್ಲ."

ಸ್ವಲ್ಪ ಹೊತ್ತು ಯೋಚಿಸಿದಳು. "ಹಂಗಾದ್ರೆ ಮಂಗಳವಾರ ನಂಗೂ ಹೊಡಿ" ಅಂತ ಹೇಳಿ ಮಲಗೋಕೆ ಹೋದಳು.